ಹತ್ತಿಗಿರಣಿಯ ಊರು ಕೊಟ್ಟ ಟರ್ಬೈನ್

ಕಾಳಿ ನದಿಯ ನಾಗಝರಿ ವಿದ್ಯುದಾಗಾರದಲ್ಲಿರುವುದು ಫ್ರಾನ್ಸಿಸ್ ಟರ್ಬೈನ್. ‘ಈ ಫ್ರಾನ್ಸಿಸ್ ಯಾರು?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಅದನ್ನು ಹೇಳಬೇಕಾದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೊವೆಲ್ ಪಟ್ಟಣದಿಂದಲೇ ಶುರುಮಾಡಬೇಕು.

ಅಲ್ಲಿ ಮೆರಿಮ್ಯಾಕ್ ನದಿ ಸುಮಾರು 32 ಅಡಿ ಕೆಳಕ್ಕೆ ಇಳಿಯುತ್ತದೆ. ಆ ಇಳಿಜಾರನ್ನು ತಪ್ಪಿಸಿ ಮರಮಟ್ಟು ಸಾಗಿಸಲು 1796ರಲ್ಲೇ ಕಾಲುವೆ ತೋಡಿದ್ದರು. ಬೋಸ್ಟನ್ನಿನ ಬಂಡವಾಳಗಾರರು ಅದನ್ನು ಕೊಂಡು, 1823ರಲ್ಲಿ ಮೊದಲ ಹತ್ತಿಗಿರಣಿ ಓಡಿಸಿದರು. ದಕ್ಷಿಣದ ತೋಟಗಳಲ್ಲಿ ಗುಲಾಮರು ಬೆಳೆದ ಹತ್ತಿಯನ್ನು ಇಲ್ಲಿ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ನೂತು ನೇಯ್ದರು.

ನೀರು ಬಿಟ್ಟಿ ಸಿಗುತ್ತಿರಲಿಲ್ಲ. ಕಾಲುವೆ ಕಂಪನಿ ಅದನ್ನು ‘ಮಿಲ್ ಪವರ್’ ಲೆಕ್ಕದಲ್ಲಿ ಗುತ್ತಿಗೆ ಕೊಡುತ್ತಿತ್ತು. 30 ಅಡಿ ಇಳಿಯುವ 25 ಕ್ಯೂಸೆಕ್ ನೀರು ಒಂದು ಮಿಲ್ ಪವರ್. ಅಂದರೆ ಸುಮಾರು 85 ಅಶ್ವಶಕ್ತಿ. ಯಾವ ಗಿರಣಿ ತನ್ನ ಪಾಲಿಗಿಂತ ಹೆಚ್ಚು ಎಳೆಯುತ್ತಿದೆ? ಅದನ್ನು ಅಳೆಯುವ ಹೊಣೆ ಇಂಗ್ಲೆಂಡಿನಿಂದ ಬಂದಿದ್ದ ಜೇಮ್ಸ್ ಫ್ರಾನ್ಸಿಸ್‌ ಮೇಲೆ ಬಿತ್ತು. 1837ರಲ್ಲಿ ಮುಖ್ಯ ಎಂಜಿನಿಯರ್ ಆದಾಗ ಆತನಿಗೆ 22 ವರ್ಷ.

ಕಾಲುವೆಯ ಮೇಲ್ನೀರು ವೇಗವಾಗಿ ಹರಿಯುತ್ತದೆ, ತಳದ್ದು ನಿಧಾನ. ಹಾಗಾಗಿ ತೇಲುವ ಬೆಂಡಿನಿಂದ ಲೆಕ್ಕ ಸಿಗದು. ಫ್ರಾನ್ಸಿಸ್ ತಗಡಿನ ಉದ್ದ ಕೊಳವೆಗಳ ಒಂದು ತುದಿಗೆ ಸೀಸ ತುಂಬಿಸಿದ. ನೀರಿಗೆ ಬಿಟ್ಟರೆ ಅವು ನೆಟ್ಟಗೆ ನಿಂತು, ಬುಡ ಕಾಲುವೆಯ ತಳದ ಸನಿಹಕ್ಕಿಳಿದು, ತಲೆಯಷ್ಟೇ ಮೇಲೆ ಕಾಣುತ್ತ ಸಾಗುತ್ತಿದ್ದವು. ಗೊತ್ತಾದ ದೂರವನ್ನು ಅವು ದಾಟುವ ಹೊತ್ತು ಎಣಿಸಿದರೆ, ಮೇಲಿಂದ ತಳದವರೆಗಿನ ಹರಿವಿನ ಸರಾಸರಿ ವೇಗ ಕೈಗೆ ಸಿಗುತ್ತಿತ್ತು.

ಇದೇ ಶಿಸ್ತನ್ನು ಆತ ಟರ್ಬೈನಿಗೂ ತಂದ. ಫ್ರಾನ್ಸಿನ ಫೂರ್ನೇರೋನ್ ಮಾದರಿಯಲ್ಲಿ ನೀರು ನಡುವಿನಿಂದ ಹೊರಕ್ಕೆ ಚಿಮ್ಮುತ್ತಿತ್ತು. ಲೊವೆಲ್‌ನಲ್ಲಿ ಯುರಾಯ ಬಾಯ್ಡನ್ ಅದನ್ನು ಸುಧಾರಿಸಿದ್ದ. ಸ್ಯಾಮ್ಯುಯೆಲ್ ಹೌಡ್ 1838ರಲ್ಲಿ ಪೇಟೆಂಟ್ ಪಡೆದ ಚಕ್ರದಲ್ಲಿ ದಿಕ್ಕು ತಿರುವುಮುರುವು: ಬಚ್ಚಲ ತೂಬಿನತ್ತ ಸುತ್ತಿ ಬರುವ ನೀರಿನಂತೆ ಅಂಚಿನಿಂದ ಒಳಕ್ಕೆ ಹರಿವು. ಆದರೆ ಅದು ಒರಟು ಚಕ್ರ. ಫ್ರಾನ್ಸಿಸ್ ಅದರ ಅಲಗುಗಳ ಬಾಗನ್ನು ಲೆಕ್ಕಹಾಕಿ ತಿದ್ದಿ, 1849ರಲ್ಲಿ ಗಿರಣಿಯಲ್ಲಿ ಕೂರಿಸಿ, ಒಳಹೋದ ನೀರು, ಹೊರಬಂದ ಶಕ್ತಿ ಎರಡನ್ನೂ ಅಳೆದ. 1855ರ ತನ್ನ ಪುಸ್ತಕದಲ್ಲಿ ಅಂಕಿಅಂಶಗಳನ್ನೆಲ್ಲ ಬಿಚ್ಚಿಟ್ಟ. ಇಂದಿನ ರೂಪಕ್ಕೆ ಮುಂದಿನ ಎಂಜಿನಿಯರುಗಳೂ ದುಡಿದಿದ್ದಾರೆ.

ಹಾಗಾಗಿ ‘ಫ್ರಾನ್ಸಿಸ್ ಒಬ್ಬನೇ ಕಂಡುಹಿಡಿದ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆತನ ಹಿರಿಮೆ ಇರುವುದು ಅಳತೆಯಲ್ಲಿ. ಅಂದಾಜಿನ ಮೇಲೆ ನಡೆಯುತ್ತಿದ್ದ ಕಸುಬನ್ನು ಆತ ಲೆಕ್ಕಕ್ಕೆ ಸಿಗುವ ವಿಜ್ಞಾನವಾಗಿಸಿದ. ಟರ್ಬೈನಿಗೆ ಆತನ ಹೆಸರು ಸಲ್ಲುವುದು ಅದಕ್ಕಾಗಿ.