ಆಂಪ್‌ನ ಬೆನ್ನಿಗಿರುವ ಎರಡು ಜ್ಯಾಕ್

ಗಿಟಾರ್ ಆಂಪ್ಲಿಫೈಯರಿನ ಹಿಂಬದಿಯಲ್ಲಿ ‘ಸೆಂಡ್’, ‘ರಿಟರ್ನ್’ ಎಂದು ಬರೆದ ಎರಡು ಜ್ಯಾಕ್‌ಗಳಿದ್ದರೆ ಅದೇ ಎಫೆಕ್ಟ್ಸ್ ಲೂಪ್. ಹೊರನೋಟಕ್ಕೆ ಆಂಪ್ ಒಂದೇ ಪೆಟ್ಟಿಗೆಯಾದರೂ ಒಳಗಿರುವುದು ಎರಡು ಭಾಗ. ಪಿಕಪ್‌ನಿಂದ ಬರುವ ಮಿಲಿವೋಲ್ಟ್ ಲೆಕ್ಕದ ಸಿಗ್ನಲ್ಲನ್ನು ಪ್ರಿಆಂಪ್ ಹಿಗ್ಗಿಸುತ್ತದೆ. ಗೇನ್, ಬಾಸ್, ಟ್ರೆಬಲ್ ನಾಬ್‌ಗಳೆಲ್ಲ ಈ ಭಾಗದವು. ಸ್ಪೀಕರನ್ನು ಅಲುಗಿಸುವಷ್ಟು ಬಲ ತುಂಬುವುದು ಪವರ್ ಆಂಪ್. ಈ ಎರಡರ ನಡುವೆ ಸಿಗ್ನಲ್ಲನ್ನು ಹೊರಗೆ ಕರೆದು, ಪೆಡಲ್‌ಗಳಲ್ಲಿ ಹಾಯಿಸಿ, ಮತ್ತೆ ಒಳಕ್ಕೆ ಬಿಡುವ ಏರ್ಪಾಡೇ ಲೂಪ್.

ಇದರ ಅಗತ್ಯ ಬಿದ್ದದ್ದು ಡಿಸ್ಟಾರ್ಷನ್‌ನಿಂದ. ಆಂಪ್‌ಗಳು ಸ್ವಚ್ಛವಾಗಿ ನುಡಿಯುತ್ತಿದ್ದ ಕಾಲದಲ್ಲಿ ಎಕೋ ಯಂತ್ರವನ್ನು ಗಿಟಾರಿಗೂ ಆಂಪ್‌ಗೂ ನಡುವೆ ಸಿಕ್ಕಿಸಿದರೆ ಸಾಕಿತ್ತು. 1970ರ ದಶಕದಿಂದ ಪ್ರಿಆಂಪಿನಲ್ಲೇ ನಾದವನ್ನು ಒಡೆಸುವ ಆಂಪ್‌ಗಳು ಹೆಚ್ಚಿದಾಗ ತೊಂದರೆ ಶುರುವಾಯಿತು. ಡಿಲೇ ಪೆಡಲ್‌ನ ಮಾರ್ದನಿ ಒಂದೊಂದು ಸಲಕ್ಕೂ ಕ್ಷೀಣಿಸುತ್ತ ಹೋಗಬೇಕು. ಅದನ್ನು ಆಂಪಿನ ಮುಂದೆ ಇಟ್ಟರೆ ಮೂಲ ಸ್ವರವೂ ಮಾರ್ದನಿಯೂ ಒಟ್ಟಾಗಿ ಪ್ರಿಆಂಪ್ ಹೊಕ್ಕು ಒಟ್ಟಾಗಿಯೇ ಒಡೆಯುತ್ತವೆ. ದೊಡ್ಡ ಸದ್ದನ್ನು ಅದುಮಿ ಸಣ್ಣದನ್ನು ಮೇಲೆತ್ತುವುದು ಡಿಸ್ಟಾರ್ಷನ್‌ನ ಗುಣವಾದ್ದರಿಂದ ಮಾರ್ದನಿ ಅಡಗುವುದೇ ಇಲ್ಲ, ಎಲ್ಲವೂ ಕಲಸಿಹೋಗುತ್ತದೆ. ಅದೇ ಪೆಡಲ್ ಲೂಪಿಗೆ ಬಂದರೆ ಈಗಾಗಲೇ ಒಡೆದ ಸ್ವರದ ಮಾರ್ದನಿ ಬಿಡಿಬಿಡಿಯಾಗಿ ಕೇಳುತ್ತದೆ. ರಿವರ್ಬ್‌ಗೂ ಇದೇ ಮಾತು. ವಾ, ಓವರ್‌ಡ್ರೈವ್‌ಗಳ ಜಾಗ ಮಾತ್ರ ಎಂದಿನಂತೆ ಮುಂದೆ. ಕೋರಸ್, ಫೇಸರ್‌ಗಳು ಎಲ್ಲಿರಬೇಕೆಂಬುದು ರುಚಿಯ ವಿಷಯ. ಎಡ್ಡಿ ವ್ಯಾನ್ ಹೇಲನ್ ಫೇಸರನ್ನು ಮಾರ್ಷಲ್ ಆಂಪಿನ ಮುಂದೆಯೇ ಇಟ್ಟು ನುಡಿಸಿದ ನಾದವನ್ನು ಇಂದಿಗೂ ಅನುಕರಿಸುವವರಿದ್ದಾರೆ.

ಸದ್ದಿನ ಪ್ರಮಾಣದ ಮೇಲೆ ಲೂಪಿನ ಪರಿಣಾಮ ಇನ್ನೂ ಸ್ಪಷ್ಟ. ಗೇನ್ ಏರಿಸಿದ ಪ್ರಿಆಂಪಿನಲ್ಲಿ ಅಲೆಯ ನೆತ್ತಿ ಆಗಲೇ ಚಪ್ಪಟೆಯಾಗಿರುತ್ತದೆ. ಬೂಸ್ಟ್ ಪೆಡಲನ್ನು ಮುಂದೆ ಒತ್ತಿದರೆ ಒಡಕು ಹೆಚ್ಚುತ್ತದೆಯೇ ಹೊರತು ಸದ್ದು ಅಷ್ಟಾಗಿ ಏರದು. ಲೂಪಿನಲ್ಲಿ ಒತ್ತಿದರೆ ನಾದ ಹಾಗೆಯೇ ಉಳಿದು ಸದ್ದು ಏರುತ್ತದೆ. ಸೋಲೊ ಬಂದಾಗ ಗಿಟಾರ್ ಮುಂದೆ ನಿಲ್ಲಬೇಕಾದರೆ ಬೇಕಾದದ್ದು ಇದು. ವಾಲ್ಯೂಮ್ ಪೆಡಲ್ ಕೂಡ ಹೀಗೆಯೇ: ಮುಂದಿದ್ದರೆ ಗೇನ್ ತಗ್ಗಿಸಿ ನಾದವನ್ನು ಸ್ವಚ್ಛಗೊಳಿಸುತ್ತದೆ, ಲೂಪಿನಲ್ಲಿದ್ದರೆ ಎರಡನೆಯ ಮಾಸ್ಟರ್ ವಾಲ್ಯೂಮ್ ಆಗುತ್ತದೆ. ಆದರೆ ಪವರ್ ಆಂಪ್ ಆಗಲೇ ತನ್ನ ಮಿತಿ ಮುಟ್ಟಿದ್ದರೆ ಯಾವ ಬೂಸ್ಟೂ ನೆರವಾಗದು. ಕಿವಿಗೆ ಸದ್ದು ಎರಡರಷ್ಟಾಗಿ ಕೇಳಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 50 ವ್ಯಾಟ್ ಬಿಟ್ಟು 100 ವ್ಯಾಟ್‌ನ ಆಂಪ್ ಕೊಂಡರೆ ಸಿಗುವುದು 3 ಡೆಸಿಬೆಲ್ ಮಾತ್ರ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಜಾತ್ರೆಯಲ್ಲೋ ಗಣೇಶನ ಪೆಂಡಾಲಿನಲ್ಲೋ ರಸಮಂಜರಿ ಕೇಳಿದವರಿಗೆ ಲೂಪಿನ ಇನ್ನೊಂದು ಬಗೆ ತಿಳಿಯದೆಯೇ ಪರಿಚಿತ. ಗಾಯಕರ ದನಿಗೆ ಸೇರುವ ‘ಎಕೋ’ ಮಿಕ್ಸರಿನಲ್ಲಿ ಪಕ್ಕದ ದಾರಿ ಹಿಡಿದು ಬರುತ್ತದೆ, ಮೂಲ ದನಿ ನೇರ ಹೋಗುತ್ತಿರುತ್ತದೆ. ಹಾಡು ಮುಗಿದು ನಿರೂಪಕರು ಮಾತಿಗೆ ನಿಂತಾಗ ಸೌಂಡ್‌ನವರು ಎಕೋ ಇಳಿಸಿದರೂ ಮೂಲ ದನಿಗೆ ಏನೂ ಆಗದು. ಇದು ಪ್ಯಾರಲಲ್ ಲೂಪ್. ಗಿಟಾರ್ ಆಂಪ್‌ಗಳಲ್ಲಿ ಹೆಚ್ಚಾಗಿರುವುದು ಸೀರೀಸ್ ಲೂಪ್. ಅದರಲ್ಲಿ ಇಡೀ ಸಿಗ್ನಲ್ ಪೆಡಲ್ ಮೂಲಕವೇ ಹಾಯಬೇಕು. ಪ್ಯಾರಲಲ್ ಲೂಪಿಗೆ ಹಾಕುವ ಡಿಜಿಟಲ್ ಪೆಡಲ್ ಎಫೆಕ್ಟನ್ನಷ್ಟೇ ಹೊರಬಿಡುವಂತಿರಬೇಕು. ಮೂಲ ಸ್ವರವನ್ನೂ 1 ಮಿಲಿಸೆಕೆಂಡ್ ತಡವಾಗಿ ಬಿಟ್ಟರೆ ನೇರ ಬಂದ ಸ್ವರದೊಡನೆ ಡಿಕ್ಕಿಯಾಗಿ 500, 1500, 2500 ಹರ್ಟ್ಸ್‌ಗಳ ಸುತ್ತ ನಾದ ಸೋರಿ ಗಿಟಾರ್ ಬಡಕಲಾಗಿ ಕೇಳುತ್ತದೆ.

ಇಂಥ ವೇದಿಕೆಗಳಲ್ಲಿ ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್ ಇಟ್ಟುಕೊಂಡವರು ಆಂಪನ್ನೂ ಬಳಸುವುದಾದರೆ ಪ್ರೊಸೆಸರಿನ ವೈರನ್ನು ಆಂಪಿನ ಮುಂದಿನ ಇನ್‌ಪುಟ್‌ಗಲ್ಲ, ರಿಟರ್ನ್‌ಗೆ ಚುಚ್ಚುವುದು ಲೇಸು. ಪ್ರೊಸೆಸರಿನೊಳಗೆ ಸಾಮಾನ್ಯವಾಗಿ ಪ್ರಿಆಂಪಿನ ನಕಲು ಇರುತ್ತದೆ, ಅದರ ಮೇಲೆ ಮತ್ತೊಂದು ಪ್ರಿಆಂಪ್ ಕೂತರೆ ನಾದ ಮಂಕಾಗುತ್ತದೆ.

ಲೂಪಿನ ಸಿಗ್ನಲ್ ಮಟ್ಟವನ್ನೂ ಗಮನಿಸಬೇಕು. ಕೆಲವು ಆಂಪ್‌ಗಳು +4 ಡಿಬಿಯು, ಅಂದರೆ 1.23 ವೋಲ್ಟ್ ಮಟ್ಟದಲ್ಲಿ ಕಳಿಸುತ್ತವೆ. 9 ವೋಲ್ಟ್‌ನ ಸಾಧಾರಣ ಪೆಡಲ್‌ನಲ್ಲಿ ಜೋರು ಹೊಡೆತಕ್ಕೆ ನಾದ ಅಲ್ಲೇ ಒಡೆಯಬಹುದು. ಹಿಂದೆ ಮಟ್ಟದ ಸ್ವಿಚ್ ಇದ್ದರೆ −10ಕ್ಕೆ ತಿರುಗಿಸಬೇಕು. ಬಫರ್ (ಸಿಗ್ನಲ್ ಮೂಲದ ಪ್ರತಿರೋಧ ತಗ್ಗಿಸುವ ಸರ್ಕ್ಯೂಟ್) ಇಲ್ಲದ ಲೂಪಿನಲ್ಲಿ ಉದ್ದ ವೈರ್ ಟ್ರೆಬಲ್ ನುಂಗುತ್ತದೆ. ಮೀಟರಿಗೆ 100 ಪಿಕೋಫ್ಯಾರಡ್‌ನಂತೆ 10 ಮೀಟರ್ ವೈರು 1 ಲಕ್ಷ ಓಮ್‌ನ ಮೂಲಕ್ಕೆ ತಗುಲಿದರೆ ಸುಮಾರು 1,600 ಹರ್ಟ್ಸ್‌ನಿಂದಲೇ ಮೇಲಿನ ನಾದ ಕುಸಿಯತೊಡಗುತ್ತದೆ. ಬಫರಿನಿಂದ ಆ ಮೂಲ 1,000 ಓಮ್‌ಗೆ ಇಳಿದರೆ ಅದೇ ವೈರ್ ನಿರುಪದ್ರವಿ.

ಲೂಪ್ ಬಳಸದವರನ್ನೂ ಅದು ಕಾಡುವುದುಂಟು. ಹಲವು ಆಂಪ್‌ಗಳಲ್ಲಿ ಏನೂ ಸಿಕ್ಕಿಸದಿದ್ದಾಗ ರಿಟರ್ನ್ ಜ್ಯಾಕಿನ ಒಳಗಿನ ಸ್ವಿಚ್ಚೇ ಸಿಗ್ನಲ್ಲನ್ನು ದಾಟಿಸುತ್ತದೆ. ಧೂಳು, ತುಕ್ಕು ಹಿಡಿದರೆ ಸದ್ದು ದಿಢೀರ್ ಇಳಿಯುತ್ತದೆ, ಮಧ್ಯೆ ಮಧ್ಯೆ ಕಡಿಯುತ್ತದೆ. ಆಂಪ್ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮುನ್ನ ಸೆಂಡ್‌ನಿಂದ ರಿಟರ್ನ್‌ಗೆ ಒಂದು ಚಿಕ್ಕ ಪ್ಯಾಚ್ ಕೇಬಲ್ ಹಾಕಿ ನೋಡಬೇಕು. ಸದ್ದು ಮರಳಿದರೆ ಜ್ಯಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಎಲ್ಲರಿಗೂ ಲೂಪ್ ಬೇಕೆಂದಿಲ್ಲ. ಆಂಪನ್ನು ಸ್ವಚ್ಛವಾಗಿಟ್ಟು ಒಡಕನ್ನು ಪೆಡಲ್‌ನಿಂದಲೇ ಪಡೆಯುವವರು ಡಿಲೇಯನ್ನು ಆ ಪೆಡಲ್‌ನ ನಂತರ ಇಟ್ಟರೆ ಕೆಲಸ ಮುಗಿಯಿತು. 1981ರಿಂದ ಹೆಸರಾದ ಮಾರ್ಷಲ್ ಜೆಸಿಎಂ800 2203 ಆಂಪಿನಲ್ಲಿ ಲೂಪ್ ಇರಲಿಲ್ಲ. ಪವರ್ ಆಂಪನ್ನೇ ಒಡೆಸುವಷ್ಟು ಜೋರಾಗಿ ನುಡಿಸುವವರಿಗಂತೂ ಲೂಪ್ ಇದ್ದೂ ಪ್ರಯೋಜನ ಕಡಿಮೆ. ಒಡಕು ಹುಟ್ಟುವುದು ಲೂಪ್ ದಾಟಿದ ಮೇಲೆ.