ಬೆಕ್ಕಿನ ಹುಳಕ್ಕೆ ಹೊಗೆಸೊಪ್ಪಿನ ನೀರು ಬೇಡ

ಬೆಕ್ಕು ಮಲಗಿ ಎದ್ದ ಜಾನಮಾಜಿನ ಮೇಲೆ ಅಕ್ಕಿಕಾಳಿನಂಥ ಬಿಳಿ ಚೂರುಗಳು ಕಂಡರೆ, ಅವು ಲಾಡಿಹುಳುವಿನ ತುಂಡುಗಳು. ಸದಾ ಮೈ ಕೆರೆದುಕೊಳ್ಳುತ್ತಿದ್ದರೆ ಚಿಗಟವೋ ಉಣ್ಣಿಯೋ ಇರಬಹುದು. ಆಗ ಹುಣಸೂರು, ಪಿರಿಯಾಪಟ್ಟಣ ಕಡೆ ಹಲವರಿಗೆ ನೆನಪಾಗುವುದು ಹೊಗೆಸೊಪ್ಪು. ಬೆಳೆಯುವ ಊರಲ್ಲವೇ, ಬ್ಯಾರನ್ ಪಕ್ಕ ಉದುರಿದ ಸೊಪ್ಪು ಪುಕ್ಕಟೆ. ನೆನೆಸಿದ ನೀರನ್ನು ಆಡಿಗೂ ಬಳಿಯುತ್ತಾರೆ, ಬೆಕ್ಕಿಗೂ ಬಳಿಯುತ್ತಾರೆ.

ದಯವಿಟ್ಟು ಹೀಗೆ ಮಾಡಬೇಡಿ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ರಕ್ತ ಸೇರುತ್ತದೆ. ಒದ್ದೆ ಸೊಪ್ಪು ಮುರಿಯುವ ಕೂಲಿಯವರಿಗೆ ತಲೆಸುತ್ತು, ವಾಂತಿ ಆಗುವುದು ಇದರಿಂದಲೇ. ಬೆಕ್ಕಿನ ತೂಕ ಮೂರು ನಾಲ್ಕು ಕೆ.ಜಿ. ಮಾತ್ರ, ಸಾಲದ್ದಕ್ಕೆ ಬಳಿದದ್ದನ್ನೆಲ್ಲ ನೆಕ್ಕಿಕೊಳ್ಳುತ್ತದೆ. ಜೊಲ್ಲು, ನಡುಕ, ಫಿಟ್ಸ್ ಬಂದು ಸಾಯಲೂಬಹುದು. ಸೀಮೆಎಣ್ಣೆಯೂ ಬೇಡ. ಹಸುವಿನ ಉಣ್ಣಿಗೆಂದು ತಂದ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಅಂತೂ ಬೆಕ್ಕಿಗೆ ವಿಷವೇ, ಅದರ ಪಿತ್ತಜನಕಾಂಗ ಇವನ್ನು ಅರಗಿಸಲಾರದು. ಈಗಾಗಲೇ ಹಚ್ಚಿದ್ದರೆ ಉಗುರುಬೆಚ್ಚಗಿನ ನೀರು, ಸೋಪಿನಿಂದ ತೊಳೆದು ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.

“ಹಕೀಮ್ ಸಾಹೇಬ್ರೇ, ನಿಮ್ಮ ಬಾವ್‌ಬಡಂಗ್ ಕೊಡಬಹುದಾ?” ಎಂದು ಕೇಳುವವರಿದ್ದಾರೆ. ಯುನಾನಿಯಲ್ಲಿ ಮನುಷ್ಯರ ಹೊಟ್ಟೆಹುಳಕ್ಕೆ ವಾಯುವಿಳಂಗ ಕೊಡುವುದು ನಿಜ. ಆ ಪ್ರಮಾಣ ಮನುಷ್ಯರದು, ಬೆಕ್ಕಿನದಲ್ಲ. ಬೆಳ್ಳುಳ್ಳಿಯೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲ ಕಡೆಯೂ ಸರ್ಕಾರಿ ಪಶು ಆಸ್ಪತ್ರೆ ಇದೆ. ಅಲ್ಲಿ ತೂಕ ನೋಡಿ ಮಾತ್ರೆ ಕೊಡುತ್ತಾರೆ: ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್, ಜಂತುಹುಳಕ್ಕೆ ಪೈರಾಂಟೆಲ್. ಲಾಡಿಹುಳುವಿನ ಮರಿ ಬೆಳೆಯುವುದು ಚಿಗಟದೊಳಗೆ. ಮೈ ನೆಕ್ಕುವಾಗ ಬೆಕ್ಕು ಆ ಚಿಗಟವನ್ನು ನುಂಗುತ್ತದೆ. ಆದ್ದರಿಂದ ಚಿಗಟಕ್ಕೂ ಔಷಧಿ ಕೇಳಿ, ಅದು ಮಲಗುವ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ಹುಳು ಮರಳುತ್ತದೆ. ಮರಿಗಳಿಗೆ ತಾಯಿಯ ಹಾಲಿನಿಂದಲೇ ಜಂತುಹುಳು ಬರುವುದರಿಂದ ಮೂರನೇ ವಾರದಿಂದಲೇ ತೋರಿಸಿ.

ಬೆಕ್ಕು ನಾಪಾಕ್ ಅಲ್ಲ, ಸರಿ. ಅದರ ಮಲ ನಜಸ್ ತಾನೇ? ಅದರಲ್ಲಿರುವ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಕಳೆದ ಮೇಲೆ ಸೋಂಕು ಹರಡುವಂತಾಗುತ್ತದೆ. ಮಣ್ಣಾಡಿದ ಮಗು ಕೈ ಬಾಯಿಗಿಟ್ಟರೆ ಮರಿಹುಳು ಯಕೃತ್ತಿಗೆ, ಕೆಲವೊಮ್ಮೆ ಕಣ್ಣಿಗೂ ಹೋಗುತ್ತದೆ. ಮಲವನ್ನು ದಿನವೂ ತೆಗೆಯಿರಿ. ಗರ್ಭಿಣಿಯರಿಗೆ ಈ ಕೆಲಸ ಬೇಡ, ಟಾಕ್ಸೊಪ್ಲಾಸ್ಮಾ ಹೊಟ್ಟೆಯಲ್ಲಿರುವ ಮಗುವಿಗೆ ತಗುಲಬಹುದು.

ಬಕ್ರೀದ್‌ಗೆ ಸಾಕಿದ ಆಡಿಗೆ ಹುಳುವಿನ ಔಷಧಿ ಹಾಕಿಸುವಾಗ, ಎಷ್ಟು ದಿನ ಬಿಟ್ಟು ಮಾಂಸ ತಿನ್ನಬಹುದೆಂದು ವೈದ್ಯರನ್ನು ಆಗಲೇ ಕೇಳಿ ಬರೆದಿಟ್ಟುಕೊಳ್ಳಿ.