ದಡದಲ್ಲಿಯೇ ನಿಂತ ವಿಹಾರ

ಭಾನುವಾರದ ಬೆಳಗ್ಗೆ ಮೈಸೂರಿನ ಯಾವುದಾದರೊಂದು ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಿಂತರೆ ಸಾಕು, ಈ ಊರಿನ ಸಂಸಾರವೆಲ್ಲ ಕಣ್ಣ ಮುಂದೆ ಹಾದುಹೋಗುತ್ತದೆ. ನಿವೃತ್ತರು ರಾಜಕೀಯವನ್ನು ಹೊತ್ತು ಬರುತ್ತಾರೆ. ಸಕ್ಕರೆ ಕಾಯಿಲೆಯವರು ವೈದ್ಯರ ಅಪ್ಪಣೆಯನ್ನು ಹೊತ್ತು ಬರುತ್ತಾರೆ. ತಂದೆತಾಯಿಗಳು ಮಕ್ಕಳ ಕೈಹಿಡಿದು ಬರುತ್ತಾರೆ. ಕೆರೆ ಎಲ್ಲರಿಗೂ ಒಂದೇ ಸಮನಾಗಿ ತಂಗಾಳಿಯನ್ನು ಹಂಚುತ್ತದೆ. ಆದರೆ ಇಷ್ಟು ಜನರಲ್ಲಿ ಒಬ್ಬರಾದರೂ ಬಗ್ಗಿ ಬೊಗಸೆಯೊಡ್ಡುವುದಿಲ್ಲ. ನಮ್ಮ ಜಲವಿಹಾರದಲ್ಲಿ ವಿಹಾರವಿದೆ, ಜಲವಿಲ್ಲ.

ನಾನು ಹುಟ್ಟಿ ಬೆಳೆದದ್ದು ಹಳ್ಳಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಹುಡುಗರನ್ನು ನೀರಿಗೆ ಬಿಡುತ್ತಿದ್ದ ಹಿರಿಯರು ಅಲ್ಲಿದ್ದರು. ಎಲ್ಲಿ ಆಳ, ಎಲ್ಲಿ ಕೆಸರು, ತೂಬಿನ ಬಳಿ ಏಕೆ ಸುಳಿಯಬಾರದು ಎಂಬುದನ್ನು ಮೈಯೇ ಕಲಿತುಕೊಳ್ಳುತ್ತಿತ್ತು. ಕುಕ್ಕರಹಳ್ಳಿಯ ಏರಿಯ ಮೇಲೆ ಒಮ್ಮೆ ನನ್ನ ಮಗಳು, “ಅಪ್ಪ, ಈ ನೀರಿಗೆ ಯಾಕೆ ಯಾರೂ ಇಳಿಯಲ್ಲ?” ಎಂದು ಕೇಳಿದಳು. “ಇಳಿಯಬಾರದಮ್ಮ” ಎಂದೆ. ಅದು ಉತ್ತರವಲ್ಲವೆಂಬುದು ಅವಳ ಮುಖದಲ್ಲೇ ಬರೆದಿತ್ತು. ನಿಜವಾದ ಉತ್ತರವನ್ನು ಹೇಳಹೊರಟರೆ ಅದು ಈ ಊರಿನ ಚರಿತ್ರೆಯೇ ಆಗುತ್ತದೆ.

ಮೈಸೂರಿನ ಕೆರೆಗಳು ತಾವಾಗಿ ಹುಟ್ಟಿದವಲ್ಲ. ಇಳಿಜಾರನ್ನು ಅರಿತವರು ಮಣ್ಣು ಹೊತ್ತು, ಏರಿ ಹಾಕಿ, ಕೋಡಿ ತೂಬುಗಳನ್ನಿಟ್ಟು ನಿಲ್ಲಿಸಿದ ಮಳೆ ಅದು. ಲಿಂಗಾಂಬುಧಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದರು. ಅಂಬುಧಿಯೆಂದರೆ ಕಡಲು. ಕಡಲಿಲ್ಲದ ನಾಡಿನಲ್ಲಿ ಕೆರೆಯನ್ನೇ ಕಡಲೆಂದು ಕರೆಯುವುದು ಬರಿಯ ಅತಿಶಯೋಕ್ತಿಯಲ್ಲ, ಮಳೆಯನ್ನು ಎದುರುನೋಡಿ ಬದುಕಿದವರ ಕೃತಜ್ಞತೆ. ಅದೇ ಅರಸರ ಕಾಲದಲ್ಲಿ, 1864ರಲ್ಲಿ, ಕುಕ್ಕರಹಳ್ಳಿ ಕೆರೆಯೂ ಆಯಿತು. ಹೊಲಗದ್ದೆಗಳಿಗೂ ಊರಿಗೂ ಅದು ನೀರೊದಗಿಸಿತು. ದಿವಾನರ ಹೆಸರನ್ನು ಹೊತ್ತ ಪೂರ್ಣಯ್ಯನ ನಾಲೆ ಅದಕ್ಕೆ ಮಳೆನೀರನ್ನು ತರುತ್ತಿತ್ತು. ಮುಂದೆ ಕೆರೆ ವಿಶ್ವವಿದ್ಯಾನಿಲಯದ ಸುಪರ್ದಿಗೆ ಬಂದಿತು. 1960ರಲ್ಲಿ ಅದರ ಮಗ್ಗುಲಿನಲ್ಲಿ ತಲೆಯೆತ್ತಿದ ವಿದ್ಯಾನಗರಕ್ಕೆ ಕುವೆಂಪು ಅವರು ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಆ ಏರಿಯ ಮೇಲೆ ತಿರುಗಾಡುತ್ತಲೇ ಅವರಲ್ಲಿ ಎಷ್ಟೋ ಕವಿತೆಗಳು ಮೂಡಿದವು.

ಊರು ಬೆಳೆದಂತೆ ಕೆರೆಗಳ ಭಾಗ್ಯ ಎರಡು ಬಗೆಯಾಯಿತು. ಕೆಲವು ಮಣ್ಣಾದವು. ದೊಡ್ಡಕೆರೆ ಮೈದಾನದಲ್ಲಿ ಇಂದು ದಸರೆಯ ವಸ್ತುಪ್ರದರ್ಶನ ನಡೆಯುತ್ತದೆ. ಜೀವರಾಯನಕಟ್ಟೆ ಜೆ.ಕೆ. ಮೈದಾನವಾಯಿತು; ಹೆಸರಿನ ಎರಡು ಅಕ್ಷರಗಳ ಸಂದಿಯಲ್ಲಿ ಕಟ್ಟೆಯೊಂದು ಮುಳುಗಿಹೋಗಿದೆಯೆಂದು ಅಲ್ಲಿ ಆಡುವ ಹುಡುಗರಿಗೆ ಹೇಳುವವರಿಲ್ಲ. ಸುಬ್ಬರಾಯನಕೆರೆಯಲ್ಲಿ ಸ್ವಾತಂತ್ರ್ಯ ಹೋರಾಟದ ಸಭೆಗಳ ನೆನಪಿದೆ, ಕೆರೆಯಿಲ್ಲ. ನೀರು ಹೋದ ಮೇಲೂ ಮಾತು ಉಳಿಯುತ್ತದೆ. ಭಾಷೆ ಪಾಠ ಹೇಳುವ ನನ್ನಂಥವನಿಗೆ ಇದು ಸಮಾಧಾನವೂ ಹೌದು, ದುಃಖವೂ ಹೌದು.

ಉಳಿದ ಕೆರೆಗಳಿಗೆ ಇನ್ನೊಂದು ಕಷ್ಟ ಬಂತು. ಮಳೆನೀರು ಹರಿದುಬರಬೇಕಾದ ದಾರಿಯಲ್ಲಿ ಮನೆಗಳೆದ್ದವು. ಆ ಮನೆಗಳ ಕೊಳಚೆ ಅದೇ ದಾರಿ ಹಿಡಿದು ಕೆರೆಗೆ ಇಳಿಯಿತು. ಕೊಳಚೆಯಲ್ಲಿರುವ ಸಾರಜನಕವೂ ರಂಜಕವೂ ಪಾಚಿಗೆ ಗೊಬ್ಬರ. ಪಾಚಿ ಹೆಚ್ಚಿದ ಕೆರೆ ಹಗಲಿನಲ್ಲಿ ಹಚ್ಚಗೆ ಸೊಗಸಾಗಿಯೇ ಕಾಣುತ್ತದೆ. ಆದರೆ ರಾತ್ರಿಯಲ್ಲಿ ಪಾಚಿಯೇ ನೀರಿನ ಆಮ್ಲಜನಕವನ್ನು ಹೀರುತ್ತದೆ. ಬೆಳಗಾಗುವ ಹೊತ್ತಿಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಕಾರಂಜಿಕೆರೆ ಹೀಗೆಯೇ ಕೆಟ್ಟು, ಬಹಳ ಹಣ ಮತ್ತು ಶ್ರಮದಿಂದ ಮತ್ತೆ ಚೇತರಿಸಿಕೊಂಡಿತು. ಮೃಗಾಲಯದವರ ಪಾಲನೆಯಲ್ಲಿ ಅಲ್ಲಿ ಇಂದು ದೋಣಿಯಿದೆ, ಮನುಷ್ಯರು ಒಳಹೊಕ್ಕು ನಡೆಯಬಹುದಾದ ಪಕ್ಷಿಮನೆಯಿದೆ. ಮಕ್ಕಳಿಗೆ ಅದು ಹಬ್ಬ. ಆದರೂ ಅದು ಕಣ್ಣಿನ ಹಬ್ಬ, ನೀರು ದೂರವೇ.

ಇಲ್ಲಿ ಆಲ್ಪ್ಸ್ ಪರ್ವತಗಳ ಒಂದು ಸರೋವರದ ಮಾತನ್ನು ಹೇಳಬೇಕು. ಅಲ್ಲಿಯ ಜನರು ಬೇಸಗೆಯಲ್ಲಿ ಮನೆಮಂದಿಯೊಡನೆ ಸರೋವರದ ತೀರಕ್ಕೆ ಹೋಗಿ, ನಡೆದು, ಈಜಿ, ಬುತ್ತಿ ಬಿಚ್ಚಿ ಉಂಡು ಬರುತ್ತಾರೆ. ಹಿಮದ ನೀರಲ್ಲವೆ, ಸಹಜವಾಗಿಯೇ ಶುದ್ಧವಾಗಿರಬೇಕು ಎಂದು ನಾವು ಭಾವಿಸುತ್ತೇವೆ. ಆದರೆ ಫ್ರಾನ್ಸಿನ ಆನ್ಸಿ ಸರೋವರದ ಕಥೆ ಹಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸುತ್ತಲಿನ ಊರುಗಳ ಕೊಳಚೆ ಸೇರಿ ಅದೂ ಕೆಡತೊಡಗಿತ್ತು. ಪಾಲ್ ಸರ್ವೆತಾಜ್ ಎಂಬ ವೈದ್ಯರೊಬ್ಬರು, ಸರೋವರಕ್ಕೆ ರೋಗ ಹಿಡಿದಿದೆಯೆಂದು ಊರೂರಿಗೆ ಎಚ್ಚರಿಕೆ ಹೇಳಿದರು. 1957ರಲ್ಲಿ ದಡದ ಎಂಟು ಊರುಗಳು ಸೇರಿ ಒಂದು ಕೂಟವನ್ನು ಕಟ್ಟಿಕೊಂಡವು. ಸರೋವರದ ಸುತ್ತ ಉಡಿದಾರದಂತೆ ಕೊಳವೆಯನ್ನು ಹೂಳಿ, ಮನೆಮನೆಯ ಕೊಳಚೆಯನ್ನು ಅದರೊಳಗೆ ತಿರುಗಿಸಿ, ನೀರಿಗೆ ಬೀಳದಂತೆ ಶುದ್ಧೀಕರಣ ಕೇಂದ್ರಕ್ಕೆ ಸಾಗಿಸಿದವು. ಇಂದು ಯುರೋಪಿನ ನಿರ್ಮಲ ಸರೋವರಗಳಲ್ಲಿ ಅದರ ಹೆಸರು ಮುಂಚೂಣಿಯಲ್ಲಿದೆ. ಅಲ್ಲಿ ಈಜುವ ಮಕ್ಕಳು ಹಿಮಕ್ಕೆ ಎಷ್ಟು ಋಣಿಗಳೋ ನೆಲದೊಳಗಿನ ಆ ಕೊಳವೆಗೂ ಅಷ್ಟೇ ಋಣಿಗಳು.

ನಮ್ಮೂರಿನಲ್ಲಿ ಆ ಕೊಳವೆ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗೆ ವಿದ್ಯಾರಣ್ಯಪುರಂನಲ್ಲಿ ಮನೆ ಮಾಡಿರುವ ನನಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಉತ್ತರ ಗೊತ್ತು. ನಮ್ಮ ಬಡಾವಣೆಗೆ ಮಹಾವಿದ್ವಾಂಸರಾದ ಯತಿಗಳ ಹೆಸರು. ಆದರೆ ಆಟೋದವರಿಗೆ ಗುರುತು ಹೇಳುವಾಗ ‘ಸೂಯೇಜ್ ಫಾರಂ’ ಎನ್ನಬೇಕು. ಗಾಳಿ ತಿರುಗಿದ ಸಂಜೆಗಳಲ್ಲಿ ಗುರುತನ್ನೂ ಹೇಳಬೇಕಾಗಿಲ್ಲ. ದಿನಕ್ಕೆ 67.65 ದಶಲಕ್ಷ ಲೀಟರು ಕೊಳಚೆಯನ್ನು ಶುದ್ಧಿಮಾಡುವ ಸಾಮರ್ಥ್ಯದ ಕೇಂದ್ರ ಇಲ್ಲಿದೆ. ಅಲ್ಲಿಂದ ಹೊರಟ ನೀರು ನಗರದ ದಕ್ಷಿಣದ ಅಂಚಿನಲ್ಲಿರುವ ದಳವಾಯಿ ಕೆರೆಯನ್ನು ಸೇರುತ್ತದೆ. ಊರಿನ ದಿಬ್ಬದಿಂದ ಉತ್ತರಕ್ಕೆ ಇಳಿದ ನೀರು ಕಾವೇರಿಯ ಪಾಲು, ದಕ್ಷಿಣಕ್ಕೆ ಇಳಿದದ್ದು ಕಪಿಲೆಯ ಪಾಲು. ಹಾಗಾಗಿ ದಳವಾಯಿ ಕೆರೆಗೆ ಬಂದ ಮಲಿನತೆ ಅಲ್ಲಿಯೇ ನಿಲ್ಲುವುದೂ ಇಲ್ಲ.

ದಳವಾಯಿ ಕೆರೆಯ ಏರಿಯ ಮೇಲೆ ಭಾನುವಾರದ ಸಂಸಾರಗಳಿಲ್ಲ. ಅಂತರಗಂಗೆ ಹರಡಿದ ನೀರು, ಮೂಗು ಮುಚ್ಚಿಸುವ ವಾಸನೆ. ಆದರೂ ಹಕ್ಕಿಗಳು ಬರುತ್ತವೆ. ಅವುಗಳಿಗೆ ಬೇರೆ ಊರಿನ ಆಯ್ಕೆಯಿಲ್ಲ. ಒಂದು ಕೆರೆಯನ್ನು ಚೆಲುವಾಗಿ ಇಟ್ಟುಕೊಂಡ ಊರು ತನ್ನ ಕೊಳೆಯನ್ನು ಇನ್ನೊಂದು ಕೆರೆಗೆ ದಾಟಿಸಿದರೆ ಅದನ್ನು ಶುಚಿತ್ವವೆನ್ನಬಹುದೆ? ಮನೆಯ ಕಸವನ್ನು ನೆರೆಮನೆಯ ಅಂಗಳಕ್ಕೆ ಗುಡಿಸಿದ ಗೃಹಿಣಿಯನ್ನು ನಾವು ಅಚ್ಚುಕಟ್ಟಾದವಳೆಂದು ಹೊಗಳುವುದಿಲ್ಲವಷ್ಟೆ.

ಇಂದೇ ಕುಕ್ಕರಹಳ್ಳಿಗೆ ಧುಮುಕಿರೆಂದು ನಾನು ಹೇಳುತ್ತಿಲ್ಲ. ಹೂಳು ತುಂಬಿದ, ಆಳ ತಿಳಿಯದ ಕೆರೆಗಳು ಪ್ರಾಣವನ್ನೂ ಕೇಳುತ್ತವೆ. ಈಜು ಕಲಿಯುವ ಮಕ್ಕಳಿಗೆ ಸರಸ್ವತೀಪುರಂನ ಈಜುಕೊಳವೇ ಕ್ಷೇಮ. ಆದರೆ ನೀರಿಗೆ ಇಳಿಯದಿರುವುದು ಅಪಾಯದ ಅರಿವಿನಿಂದಲೋ ಅಸಹ್ಯದಿಂದಲೋ ಎಂಬುದರಲ್ಲಿ ಭೇದವಿದೆ. ಅಪಾಯವನ್ನು ಮೆಟ್ಟಿಲು ಕಟ್ಟಿ, ಕಾವಲಿಟ್ಟು ನಿವಾರಿಸಬಹುದು. ಅಸಹ್ಯ ಒಮ್ಮೆ ಬೇರೂರಿದರೆ ಮುಂದಿನ ತಲೆಮಾರಿಗೆ ಕೆರೆಯೆಂದರೆ ನಡಿಗೆಯ ದಾರಿಯ ನಡುವಣ ಒಂದು ಚಿತ್ರಪಟ. ಚಿತ್ರ ಮಾಸಿದಾಗ ಅದನ್ನು ಮಣ್ಣುಮಾಡಲು ಯಾರೂ ಹಿಂದೆಗೆಯುವುದಿಲ್ಲ. ಜೀವರಾಯನಕಟ್ಟೆ ಜೆ.ಕೆ. ಆದದ್ದನ್ನು ಕಂಡಿದ್ದೇವೆ.

ಆದ್ದರಿಂದ ವಾಚಕರಲ್ಲಿ ನನ್ನದೊಂದು ಸಣ್ಣ ಬಿನ್ನಹ. ಮಕ್ಕಳನ್ನು ಕಾರಂಜಿಗೂ ಲಿಂಗಾಂಬುಧಿಗೂ ಕರೆದೊಯ್ಯುವವರು ವರ್ಷಕ್ಕೊಮ್ಮೆಯಾದರೂ ದಳವಾಯಿ ಕೆರೆಗೂ ಕರೆದೊಯ್ಯಲಿ. ನಮ್ಮ ಬಚ್ಚಲ ನೀರು ಕೊನೆಗೆ ತಲುಪುವುದು ಇಲ್ಲಿಗೆ ಎಂದು ತೋರಿಸಲಿ. ಬುತ್ತಿ ಬಿಚ್ಚುವ ಜಾಗ ಅದಲ್ಲ, ನಿಜ. ಆದರೆ ಆನ್ಸಿಯ ವೈದ್ಯರು ತಮ್ಮ ಊರಿನವರಿಗೆ ಮೊದಲು ಮಾಡಿಸಿದ್ದೂ ಇಷ್ಟೇ: ದಿನವೂ ಕಾಣುತ್ತಿದ್ದ ನೀರನ್ನು ಒಮ್ಮೆ ಸರಿಯಾಗಿ ನೋಡುವಂತೆ ಮಾಡಿದ್ದು. ಕೊಳವೆಯ ಕೆಲಸ ಆಮೇಲೆ ಬಂತು.